ಜಾಮೀನೂ ಸಾಲವೇ



ಸಂಘದಲ್ಲಿ ಒಬ್ಬರಿಗೆ ಸಾಲ ಕೊಡೋ ಮುಂಚೆ ಅವರ ಸಾಲ ಎಷ್ಟು ಅಂತ ನೋಡಿದರೆ ಸಾಲದು. ಯಾರ್ಯಾರಿಗೆ ಜಾಮೀನು ನಿಂತಿದ್ದಾರೆ ಅಂತಲೂ ಕೇಳಬೇಕು. ಕಂಪನಿಯ ಬಾಂಡೂ ಒಂದು ಸಾಲಪತ್ರವೇ. ಅದನ್ನು ಕೊಳ್ಳುವವರೂ ಹೀಗೇ ಕೇಳಬೇಕು.

ಮಹಾರಾಷ್ಟ್ರದ ದಾಭೋಳದಲ್ಲಿ ವಿದ್ಯುತ್ ಸ್ಥಾವರ ಕಟ್ಟಿಸಿದ ಅಮೆರಿಕದ ಎನ್ರಾನ್ ಕಂಪನಿಯ ಹೆಸರು ಹಲವರು ಕೇಳಿರುತ್ತೀರಿ. ಅದು ಬೇರೆ ಬೇರೆ ಸಂಸ್ಥೆಗಳನ್ನು ಹುಟ್ಟುಹಾಕಿ ಅವುಗಳ ಹೆಸರಿನಲ್ಲಿ ಸಾಲ ಎತ್ತಿತು. ಕೆಲವಕ್ಕೆ ಹೊಣೆ ಮಾತ್ರ ತನ್ನದೇ. ಆದರೆ ಅಢಾವೆ ಪತ್ರಿಕೆಯಲ್ಲಿ ಆ ಸಾಲ ಕಾಣಲಿಲ್ಲ. 2001ರ ನವೆಂಬರ್ 8ರಂದು ಹಳೇ ಲೆಕ್ಕ ತಿದ್ದಿದಾಗ, 2000ದ ಕೊನೆಯ ಸಾಲ 62.8 ಕೋಟಿ ಡಾಲರ್ ಹೆಚ್ಚಾಯಿತು. ರೇಟಿಂಗ್ ಇಳಿದರೆ ಕೆಲವು ಬಾಕಿಗಳನ್ನು ಅವಧಿಗೆ ಮುಂಚೆಯೇ ಕಟ್ಟಬೇಕೆಂಬ ಷರತ್ತೂ ಇತ್ತು. ಅಂದರೆ, ಕೈ ಬರಿದಾದಾಗಲೇ ಸಾಲಗಾರರು ಬಾಗಿಲಿಗೆ ಬಂದರು. ನವೆಂಬರ್ 28ರವರೆಗೂ ರೇಟಿಂಗ್ ಸಂಸ್ಥೆಗಳ ಪಟ್ಟಿಯಲ್ಲಿ ಆ ಬಾಂಡು ಹೂಡಿಕೆಗೆ ಯೋಗ್ಯವೇ ಆಗಿತ್ತು. ಡಿಸೆಂಬರ್ 2ಕ್ಕೆ ದಿವಾಳಿ!

ಆದ್ದರಿಂದ ಅಢಾವೆಯ ಮೊತ್ತ ನೋಡಿ ಎದ್ದುಬಿಡಬೇಡಿ. ಕೆಳಗಿನ ಟಿಪ್ಪಣಿಗಳನ್ನೂ ಓದಿ. ಜಾಮೀನುಗಳನ್ನು ಸಾಲಕ್ಕೆ ಕೂಡಿಸಿ, ಆದಾಯ ಅಷ್ಟನ್ನೂ ತಡೆದೀತೇ ಅಂತ ಲೆಕ್ಕ ಹಾಕಿ. ನಮ್ಮ ಸಂಘದ ಜಾಮೀನು ವಹಿಯನ್ನೂ ವರ್ಷಕ್ಕೊಮ್ಮೆ ತೆರೆದು ನೋಡೋಣ. ಅಲ್ಲಿರುವುದು ನಿಮ್ಮ ಠೇವಣಿಯ ಭದ್ರತೆ.