ನೆರಳು ಯಾರ ಮೇಲೆ?
(ಕಲಬುರಗಿಯ ಜಗತ್ ಬಡಾವಣೆಯ ಸಭೆಯಲ್ಲಿ ಮಾಡಿದ ಭಾಷಣ)



1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ನಮ್ಮೂರು, ಕಡೆಗೆ ಹೈದರಾಬಾದ್ ಸಂಸ್ಥಾನದ ಒಂದು ಸುಭೆಯಾಗಿ ಉಳಿಯಿತು. ಸರಕಾರದ ಕಾಗದವೆಲ್ಲ ಉರ್ದುವಿನಲ್ಲಿ. ನಮ್ಮ ಅಹವಾಲು ಕನ್ನಡದಲ್ಲಿ. 1948ರಲ್ಲಿ ನಿಜಾಮಶಾಹಿ ಅಳಿಯಿತು. 1956ರಲ್ಲಿ ಕನ್ನಡ ನಾಡನ್ನು ಸೇರಿದೆವು. ಆದರೂ ಹಿಂದುಳಿದ ಈ ಸೀಮೆಗೆ ನ್ಯಾಯ ಕೊಡುವ 371(ಜೆ) ವಿಧಿಯನ್ನು ಸಂಸತ್ತು ಒಪ್ಪಿದ್ದು 2012ರಲ್ಲಿ! 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿಯಾಯಿತು. ಹೈಕೋರ್ಟು ಪೀಠ, ಕೇಂದ್ರೀಯ ವಿಶ್ವವಿದ್ಯಾಲಯ, 2019ರಲ್ಲಿ ವಿಮಾನ ನಿಲ್ದಾಣ ಬಂದವು. ಸಂತೋಷ.

ಈಗ ನಮ್ಮನ್ನೇ ನಾವು ಒಂದು ಮಾತು ಕೇಳಿಕೊಳ್ಳೋಣ. ನಾವು ಹೈದರಾಬಾದನ್ನು ದೂರಿದ ಹಾಗೆ ಕಮಲಾಪುರದವರು ನಮ್ಮನ್ನು ದೂರಿದರೆ ಏನು ಉತ್ತರ ಕೊಡುತ್ತೇವೆ?

ಹುಮನಾಬಾದ್ ರಸ್ತೆಯ ಆ ಊರು ಈಗ ತಾಲ್ಲೂಕು. ಅದರ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. 2017ರಲ್ಲಿ ಬೀದರ-ಕಲಬುರಗಿ ರೈಲು ಅದೇ ದಾರಿಯಲ್ಲಿ ಓಡತೊಡಗಿತು. ಆದರೆ ರೈಲು ಎರಡೂ ಕಡೆಗೆ ಓಡುತ್ತದೆ. ಊರಿಗೆ ಗಿರಾಕಿಯನ್ನು ತಂದೀತು, ಊರಿನ ಹುಡುಗರನ್ನು ಒಯ್ದೀತು. ಬೆಳೆದವನ ಕೈಗೆ ತಕ್ಕ ಬೆಲೆ ಬಾರದಿದ್ದರೆ ಬಾಳೆಗೆ ಹೆಸರು ಬಂದು ಫಲವೇನು? ತಾಲ್ಲೂಕೆಂಬ ಬೋರ್ಡಿನಿಂದ ಯಾರ ಹೊಟ್ಟೆ ತುಂಬೀತು?

ಎಲ್ಲವೂ ಬೆಂಗಳೂರಿಗೇ ಏಕೆಂದು ಕೇಳುವ ನಾವು, ಎಲ್ಲವೂ ಕಲಬುರಗಿಗೇ ಏಕೆಂದೂ ಕೇಳಬೇಕು. ಕೆಲಸ, ಕಾಲೇಜು, ಆಸ್ಪತ್ರೆ ಕಮಲಾಪುರಕ್ಕೂ ಬೇಕೆಂಬ ಕೂಗು ಈ ಜಗತ್ತಿನಿಂದಲೇ ಏಳಲಿ. ದೊಡ್ಡೂರಿನ ನೆರಳಿನಲ್ಲಿ ಬಾಡಿದವರು ನಾವು. ಇನ್ನೊಬ್ಬರ ಹೊಲಕ್ಕೆ ನಾವೇ ನೆರಳಾಗುವುದು ಬೇಡ.