ನೊಂದ ಮನಕ್ಕೆ ತಾಯ್ನುಡಿಯ ಸಾಂತ್ವನ



ವಲಾಂಡಿಯ ಈ ನೆಲದಲ್ಲಿ ನಿಂತು ನಾವು ಇಂದು ಗಡಿಯ ಮಾತಿಗಿಂತ ಮನಸ್ಸಿನ ಮಾತನ್ನು ಆಡಬಯಸುತ್ತೇವೆ. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ, ನೆರೆಯ ಕಿಲ್ಲಾರಿ, ಸಾಸ್ತೂರುಗಳ ಕಲ್ಲುಮಣ್ಣಿನ ಮನೆಗಳು ಕುಸಿದು ಸಾವಿರಾರು ಜನ ಮಡಿದುದನ್ನು ಈ ಸೀಮೆ ಮರೆತಿಲ್ಲ. ಬಿದ್ದ ಗೋಡೆಗಳನ್ನು ಎಣಿಸಬಹುದು, ಮರಳಿ ಕಟ್ಟಲೂಬಹುದು. ಆದರೆ ಅಂದಿನಿಂದ ಸಣ್ಣ ಸದ್ದಿಗೂ ಬೆಚ್ಚಿ ಏಳುವ ತಾಯಿಯ ನೋವನ್ನು ಅಳೆಯುವ ಬಗೆ ಎಂತು? ಅಂಥವರಿಗೆ ಭಾನಾಮತಿ ತಗುಲಿತೆಂದೋ ಗಾಳಿ ಸೋಕಿತೆಂದೋ ಹೆಸರಿಟ್ಟು ದಂಡಿಸುವ ಕ್ರೌರ್ಯವೂ ನಮ್ಮ ಕಡೆಗೆ ಹೊಸದಲ್ಲ.

ಈ ಅಜ್ಞಾನವನ್ನು ಕನ್ನಡ ನುಡಿಯಿಂದಲೇ ನೀಗಲು ದುಡಿದವರಲ್ಲಿ ಡಾ. ಸಿ. ಆರ್. ಚಂದ್ರಶೇಖರ ಅವರು ಅಗ್ರಗಣ್ಯರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯ ಪ್ರಾಧ್ಯಾಪಕರಾಗಿದ್ದ ಅವರು ಮೈಮೇಲೆ ದೇವರು ದೆವ್ವಗಳು ಬರುವ ಬಗೆಯನ್ನು ಅಧ್ಯಯನ ಮಾಡಿದರು. ಜನಸಾಮಾನ್ಯರಿಗೆ ತಿಳಿಯುವಂತೆ ನೂರಾರು ಪುಸ್ತಕಗಳನ್ನು ಕನ್ನಡದಲ್ಲಿ ಬರೆದರು. 'ಸಮಾಧಾನ' ಎಂಬ ಆಪ್ತಸಲಹಾ ಕೇಂದ್ರದ ಮೂಲಕ ಉಚಿತವಾಗಿ ಸಾಂತ್ವನ ನೀಡಿದುದಲ್ಲದೆ, ವೈದ್ಯರಲ್ಲದ ಸೇವಾಸಕ್ತರಿಗೂ ಆ ವಿದ್ಯೆಯನ್ನು ಕಲಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆಪ್ತಸಲಹೆಯೆಂದರೆ ಉಪದೇಶವಲ್ಲ. ನೊಂದವರ ಮಾತನ್ನು ತಡೆಯದೆ, ಹೀಗಳೆಯದೆ, ಗುಟ್ಟನ್ನು ಬಯಲುಮಾಡದೆ ಆಲಿಸುವುದೇ ಅದರ ಮೊದಲ ಪಾಠ. ನಮಗೆ ದೂರವಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕುಲ ಕಸುಬುಗಳನ್ನೆಣಿಸದೆ ಪರಸ್ಪರರ ಅನುಭಾವಕ್ಕೆ ಕಿವಿಗೊಟ್ಟುದನ್ನು ನಾವು ಇಲ್ಲಿ ನೆನೆಯಬೇಕು. ಗುಡಿಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಭಕ್ತಿಯು ಧೈರ್ಯವನ್ನು ಕೊಡಲಿ, ಆದರೆ ಚಿಕಿತ್ಸೆಯನ್ನು ತಡೆಯದಿರಲಿ.

ಇದು ಕೇವಲ ಕರುಣೆಯ ವಿಷಯವಲ್ಲ, ನ್ಯಾಯದ ವಿಷಯ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಮಹಾರಾಷ್ಟ್ರದ 2013ರ ಕಾಯಿದೆಯು ಅಪರಾಧವೆಂದು ಸಾರಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರಿ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಮನ್ನಿಸಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಣವಿಲ್ಲದೆ ಕರೆಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಬಾಂಧವರೇ, ವ್ಯವಹಾರದ ಮಾತನ್ನು ನಾವು ಮರಾಠಿಯಲ್ಲಿ ಸೊಗಸಾಗಿ ಆಡುತ್ತೇವೆ. ಅದು ನಮ್ಮ ನೆರೆಯ ನುಡಿ, ನಮ್ಮ ಬದುಕಿನ ನುಡಿ. ಆದರೆ ನಡುರಾತ್ರಿಯ ಅಳು ತಾಯ್ನುಡಿಯಲ್ಲಿಯೇ ಹೊರಡುತ್ತದೆ. ಆ ಅಳುವನ್ನು ಕೇಳಿ ಅರಿಯಬಲ್ಲ ನಾಲ್ಕು ಜನ ನಮ್ಮ ಸಂಘದಲ್ಲಿ ಸಿದ್ಧರಾದರೆ, ಈ ವಾರ್ಷಿಕೋತ್ಸವವು ಸಾರ್ಥಕವಾಯಿತೆಂದು ನಾವು ಬಗೆಯುತ್ತೇವೆ.