ಇನ್ನೂ ಉದುರದ ಕೂದಲಿನ ಲೆಕ್ಕ



ಕಾಳಿ ನದಿ ಕಡಲು ಸೇರುವಲ್ಲಿ, ಕಾರವಾರದ ಆಚೆ ದಡಕ್ಕೆ ದೇವಬಾಗ. ಅಲ್ಲಿಯ, ಸದಾಶಿವಗಡದ, ಮಾಜಾಳಿಯ ಹುಡುಗರು ಗೋವಾದಲ್ಲೋ ಹಡಗಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿದು ನಾಲ್ಕು ಕಾಸು ಕೂಡಿಟ್ಟ ಮೇಲೆ ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ: ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಬಿಡಲೇ? ಮದುವೆಯ ಮಾತುಕತೆ ಶುರುವಾಗುವುದರೊಳಗೆ ಮುಗಿಯಬೇಕು ಎಂಬ ಅವಸರವೂ ಇರುತ್ತದೆ. ನಗುವ ಸಂಗತಿಯಲ್ಲ ಇದು. ಬೋಳುತಲೆಯ ಕನ್ನಡ ಉಪನ್ಯಾಸಕನೊಬ್ಬ ಹೆಣ್ಣು ಹುಡುಕುವ ಪಾಡನ್ನೇ ಇಟ್ಟುಕೊಂಡು ರಾಜ್ ಬಿ. ಶೆಟ್ಟಿಯವರು 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಮಾಡಿದಾಗ ಕರಾವಳಿಯ ಎಷ್ಟೋ ಮನೆಗಳಿಗೆ ಅದು ತಮ್ಮದೇ ಕಥೆ ಅನ್ನಿಸಿರಬೇಕು.

ಎಷ್ಟು ಖರ್ಚು, ನೋವಾಗುತ್ತದೆಯೇ, ಎಷ್ಟು ದಿನ ರಜೆ ಹಾಕಬೇಕು, ಇವನ್ನೆಲ್ಲ ಹುಡುಗರು ಕೇಳುತ್ತಾರೆ. ತಲೆಯ ಮೇಲೆ ಇನ್ನೂ ಉಳಿದಿರುವ ಕೂದಲಲ್ಲಿ ಮುಂದೆ ಎಷ್ಟು ಹೋದೀತು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹುಡುಕಿದವರ ಚರಿತ್ರೆಯನ್ನು ಇವತ್ತು ಹೇಳುತ್ತೇನೆ.

ಕೂದಲು ಏಕೆ ಉದುರುತ್ತದೆ ಎಂಬ ವಿಚಾರ ಬಹಳ ಹಳೆಯದು. ದೇಹದ ಉಷ್ಣ ವಾತಾದಿಗಳ ಜೊತೆ ಸೇರಿ ಕೇಶಭೂಮಿಯನ್ನು ಸುಡುವುದರಿಂದ ತಲೆ ಬೋಳಾಗುತ್ತದೆ ಎಂದು ಚರಕ ಸಂಹಿತೆ ಹೇಳಿತು, ಖಾಲಿತ್ಯ ಎಂದು ಹೆಸರಿಟ್ಟಿತು. ಗ್ರೀಸಿನ ಹಿಪೋಕ್ರೆಟಿಸ್ ಹೆಸರಿನ ಸೂತ್ರಗಳಲ್ಲಿ ಬೇರೊಂದು ಗಮನಿಕೆ ಇದೆ: ವೃಷಣ ತೆಗೆಸಿಕೊಂಡ ನಪುಂಸಕರಿಗೆ ತಲೆ ಬೋಳಾಗುವುದಿಲ್ಲ. ಅರಿಸ್ಟಾಟಲ್ ಕೂಡ ಇದನ್ನೇ ಕಂಡಿದ್ದ. ಸುಳಿವು ಎದುರಿಗೇ ಬಿದ್ದಿತ್ತು. ಎತ್ತಿಕೊಳ್ಳಲು ಎರಡು ಸಾವಿರ ವರ್ಷ ಹಿಡಿಯಿತು.

1916ರಲ್ಲಿ ಅಮೆರಿಕದ ಡೊರೊತಿ ಆಸ್ಬರ್ನ್ ಎಂಬಾಕೆ ಕೆಲವು ಮನೆತನಗಳ ತಲೆಮಾರುಗಳನ್ನು ನೋಡಿ, ಬೋಳುತಲೆ ವಂಶದಲ್ಲಿ ಹರಿದುಬರುತ್ತದೆ ಎಂದು ಬರೆದರು. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ವಿಜ್ಞಾನಿ ಆ ಗ್ರೀಕ್ ಸುಳಿವನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರ ತಲೆಗಳನ್ನು ಪರೀಕ್ಷಿಸಿದರೆ, ಹಣೆಯ ಮೇಲಿನ ಗೆರೆ ಮಕ್ಕಳದ್ದರಂತೆ ಗಟ್ಟಿಯಾಗಿತ್ತು. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ಯಾರ ಮನೆತನದಲ್ಲಿ ಬೋಳುತಲೆ ಇತ್ತೋ ಅವರ ಕೂದಲು ಉದುರತೊಡಗಿತು. ಉಳಿದವರದ್ದು ಹಾಗೇ ಇತ್ತು. ಔಷಧ ನಿಲ್ಲಿಸಿದರೆ ಉದುರುವುದು ನಿಂತಿತು, ಹೋದದ್ದು ಮಾತ್ರ ಮರಳಲಿಲ್ಲ. ವಂಶ, ಹಾರ್ಮೋನು, ವಯಸ್ಸು ಈ ಮೂರೂ ಕೂಡಿದಲ್ಲಿ ಬೋಳು. ಉಪ್ಪುಗಾಳಿ, ಬೋರ್‌ವೆಲ್ ನೀರು, ಬೈಕಿನ ಹೆಲ್ಮೆಟ್ಟು ಎಂದು ನಾವು ದೂರುವ ಯಾವುದಕ್ಕೂ ಈ ಲೆಕ್ಕದಲ್ಲಿ ಜಾಗವಿಲ್ಲ.

ಇದೇ ಕಾಲದಲ್ಲಿ ಜಪಾನಿನ ವೈದ್ಯ ಶೋಜಿ ಒಕುಡಾ ಕೂದಲಿರುವ ಚರ್ಮದ ಸಣ್ಣ ಬಿಲ್ಲೆಗಳನ್ನು ಕೊರೆದು, ಸುಟ್ಟ ಗಾಯದ ಕಲೆಗಳ ಮೇಲೆ ನೆಡುತ್ತಿದ್ದರು. 1939ರ ಅವರ ಲೇಖನ ಯುದ್ಧದ ಗದ್ದಲದಲ್ಲಿ ಮುಳುಗಿ, ಪಶ್ಚಿಮದವರ ಕಣ್ಣಿಗೆ ಬೀಳಲೇ ಇಲ್ಲ. ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಬೋಳುತಲೆಗೆ ಕೂದಲ ಕಸಿ ಮಾಡಿದರು, 1959ರಲ್ಲಿ ಅದರ ವಿವರ ಪ್ರಕಟಿಸಿದರು. ಅವರು ಕಂಡುಕೊಂಡದ್ದಿಷ್ಟು: ತಲೆಯ ಹಿಂಭಾಗದ ಕೂದಲಿನ ಬೇರು ಎಲ್ಲಿ ನೆಟ್ಟರೂ ತನ್ನ ಹಳೆಯ ಜಾಗದ ಸ್ವಭಾವವನ್ನೇ ಇಟ್ಟುಕೊಳ್ಳುತ್ತದೆ. ಹಿಂದೆ ಉದುರದಿದ್ದದ್ದು ಮುಂದೆ ನೆಟ್ಟರೂ ಉದುರದು.

ತೊಡಕು ಹುಟ್ಟಿದ್ದೂ ಇಲ್ಲಿಯೇ. ನೆಟ್ಟದ್ದು ನಿಲ್ಲುತ್ತದೆ ಸರಿ, ಅದರ ಅಕ್ಕಪಕ್ಕದಲ್ಲಿ ಮೊದಲಿನಿಂದ ಇರುವ ಕೂದಲು? ಅದು ತನ್ನ ಹಣೆಬರಹದಂತೆ ನಡೆಯುತ್ತದೆ. ದೇವಬಾಗದ ಕಡಲಂಚಿನಲ್ಲಿ ಸಾಲಾಗಿ ಗಾಳಿಮರ ನೆಟ್ಟು, ಆ ಸಾಲು ಗಟ್ಟಿಯಾಗಿ ನಿಂತು, ಅದರ ಹಿಂದಿನ ಮರಳೆಲ್ಲ ಕೊಚ್ಚಿಹೋದರೆ ಹೇಗೆ ಕಾಣುತ್ತದೆಯೋ, ಇಪ್ಪತ್ತರ ಹರೆಯದಲ್ಲಿ ಕಸಿ ಮಾಡಿಸಿಕೊಂಡ ಎಷ್ಟೋ ಜನರ ತಲೆ ನಲವತ್ತರಲ್ಲಿ ಹಾಗೆ ಕಂಡಿತು. ಆ ಕಾಲದ ಬಿಲ್ಲೆಗಳು ನಾಲ್ಕು ಮಿಲಿಮೀಟರ್ ಅಗಲದವು. ಗೊಂಬೆಯ ತಲೆಗೆ ಚುಚ್ಚಿದ ಹಾಗೆ ಗೊಂಚಲು ಗೊಂಚಲು. ಹಿಂದಿನ ಕೂದಲು ಹೋದ ಮೇಲೆ ಅವನ್ನು ಮರೆಮಾಡಲು ಏನೂ ಉಳಿಯಲಿಲ್ಲ. ನಡುನೆತ್ತಿಗೆ ನೆಡೋಣವೆಂದರೆ ಹಿಂಭಾಗದ ದಾಸ್ತಾನು ಖಾಲಿ.

ಆ ದಾಸ್ತಾನಿನ ಲೆಕ್ಕ ಸ್ವಲ್ಪ ನಿಧಾನವಾಗಿ ಕೇಳಿ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಒಂದು ಬೇರಿನ ಗುಚ್ಛದಲ್ಲಿ ಒಂದರಿಂದ ನಾಲ್ಕು ಕೂದಲಿರುತ್ತವೆ. ಆಸ್ಪತ್ರೆಯವರು ಗ್ರಾಫ್ಟ್ ಎನ್ನುವುದು ಇದನ್ನೇ. ಹಿಂಭಾಗ ದಟ್ಟವಾಗಿರುವವನ ತಲೆಯಿಂದಲೂ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಹೆಚ್ಚೆಂದರೆ ಆರೇಳು ಸಾವಿರ ಗ್ರಾಫ್ಟ್. ಪೂರ್ತಿ ಬೋಳಾಗುವ ತಲೆಯಲ್ಲಿ ಖಾಲಿಯಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 40ರಂತೆ ನೆಟ್ಟರೂ ಎಂಟು ಸಾವಿರ ಬೇಕು. ಇಪ್ಪತ್ತೆರಡರ ಹುಡುಗ ಸಿನಿಮಾ ನಟನ ಹಣೆಯ ಗೆರೆ ಬೇಕೆಂದು ಹಟ ಹಿಡಿದು ಮೊದಲ ಸಲಕ್ಕೇ ಮೂರು ಸಾವಿರ ಖರ್ಚು ಮಾಡಿದರೆ, ನಲವತ್ತೈದರ ಅವನಿಗೆ ಉಳಿಯುವುದೆಷ್ಟು? ಮುಂದಿನದನ್ನು ಊಹಿಸುವ ವಿದ್ಯೆ ಬೇಕಾದದ್ದು ಇದಕ್ಕೇ.

ಹ್ಯಾಮಿಲ್ಟನ್ 1951ರಲ್ಲಿ ಬೋಳಾಗುವ ಬಗೆಗಳನ್ನು ಹಂತಗಳಾಗಿ ವಿಂಗಡಿಸಿದ್ದರು. ಓಟಾರ್ ನಾರ್ವುಡ್ ಎಂಬ ವೈದ್ಯ ಸಾವಿರ ಗಂಡಸರ ತಲೆ ನೋಡಿ 1975ರಲ್ಲಿ ಅದನ್ನು ತಿದ್ದಿ ಏಳು ಹಂತ ಮಾಡಿದರು. ಇವತ್ತು ಯಾವ ಕ್ಲಿನಿಕ್ಕಿಗೆ ಹೋದರೂ ಗೋಡೆಯ ಮೇಲೆ ಕಾಣುವ ಚಿತ್ರ ಅದೇ. ಹೆಂಗಸರ ಕೂದಲು ನಡುನೆತ್ತಿಯಲ್ಲಿ ತೆಳುವಾಗುವ ಬಗೆಯೇ ಬೇರೆ; ಅದಕ್ಕೆ ಲುಡ್ವಿಗ್ ಎಂಬ ವೈದ್ಯ 1977ರಲ್ಲಿ ಮೂರು ದರ್ಜೆ ಮಾಡಿದರು. ಈ ಚಿತ್ರಗಳು ನೀವು ಈಗ ಎಲ್ಲಿದ್ದೀರಿ ಎಂದು ಹೇಳುತ್ತವೆ. ಎಲ್ಲಿ ನಿಲ್ಲುತ್ತೀರಿ ಎಂಬುದು ಅವಕ್ಕೆ ಗೊತ್ತಿಲ್ಲ.

ಮುಂದಿನ ಹೆಜ್ಜೆ ಬಂದದ್ದು ಕೆರಿಬಿಯನ್ ದ್ವೀಪದಿಂದ. ಡೊಮಿನಿಕನ್ ಗಣರಾಜ್ಯದ ಕೆಲವು ಮನೆತನಗಳಲ್ಲಿ ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ತೀಕ್ಷ್ಣ ಹಾರ್ಮೋನಾಗಿ ಬದಲಿಸುವ ಕಿಣ್ವದ್ದೇ ಕೊರತೆಯಿತ್ತು. ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಎಂಬ ಸಂಶೋಧಕಿ 1974ರಲ್ಲಿ ಅದನ್ನು ವರದಿ ಮಾಡಿದರು. ಆ ಗಂಡಸರ ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಗುಳಿಗೆಗೆ ಅಮೆರಿಕದಲ್ಲಿ ಕೂದಲಿಗಾಗಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ತಲೆಗೆ ಹಚ್ಚುವ ಮಿನಾಕ್ಸಿಡಿಲ್ 1988ರಲ್ಲೇ ಬಂದಿತ್ತು. ಅಷ್ಟರಲ್ಲಿ ಒಂದೊಂದೇ ಗುಚ್ಛ ನೆಡುವ ನಾಜೂಕಿನ ಕಸಿಯೂ ಬಂದು ಗೊಂಬೆತಲೆಯ ಕಾಲ ಮುಗಿಯಿತು. ಭವಿಷ್ಯವನ್ನು ಬರೀ ಊಹಿಸುವ ಬದಲು ಸ್ವಲ್ಪ ಮುಂದೂಡಬಹುದು ಎಂದಾಯಿತು. ಗುಳಿಗೆ ನಿಲ್ಲಿಸಿದರೆ ಮುಂದೂಡುವುದೂ ನಿಲ್ಲುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವಂಥ ಅಡ್ಡಪರಿಣಾಮ ಕೆಲವರಿಗೆ ಆಗುವುದರಿಂದ ಗೆಳೆಯನ ಮಾತು ಕೇಳಿ ಅಂಗಡಿಯಿಂದ ತರುವ ಔಷಧವಲ್ಲ ಅದು.

ಇನ್ನು ನಮ್ಮ ಮನೆಗಳ ಜ್ಯೋತಿಷ್ಯ: ಅಮ್ಮನ ಅಪ್ಪನನ್ನು ನೋಡು, ಸೋದರಮಾವನನ್ನು ನೋಡು. ಪೂರ್ತಿ ಸುಳ್ಳಲ್ಲ. ಡಿಎಚ್‌ಟಿಯನ್ನು ಹಿಡಿಯುವ ಗ್ರಾಹಿಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮಗುವಿಗೆ ಅದು ತಾಯಿಯಿಂದಲೇ ಬರುತ್ತದೆ. ಆದರೆ 2017ರಲ್ಲಿ ಬ್ರಿಟನ್ನಿನ 52 ಸಾವಿರ ಗಂಡಸರ ವಂಶವಾಹಿಗಳನ್ನು ಎಡಿನ್‌ಬರೊದ ಸಂಶೋಧಕರು ಜಾಲಾಡಿದಾಗ ಬೋಳಿಗೆ ಸಂಬಂಧಿಸಿದ 287 ತಾಣಗಳು ಸಿಕ್ಕವು. ಅಪ್ಪನ ಕಡೆಯ ಪಾಲೂ ಅದರಲ್ಲಿದೆ. ಆ ತಾಣಗಳಿಂದ ಲೆಕ್ಕ ಹಾಕಿದ ಅಪಾಯದ ಅಂಕ ಅತಿ ಹೆಚ್ಚಿದ್ದ ಹತ್ತನೇ ಒಂದು ಭಾಗದವರಲ್ಲೂ ಚೆನ್ನಾಗಿ ಬೋಳಾದವರು ನೂರಕ್ಕೆ 58. ಕಡಿಮೆ ಅಂಕದ ಅರ್ಧ ಭಾಗದಲ್ಲೂ ನೂರಕ್ಕೆ 14 ಜನರ ತಲೆ ತೀರಾ ಬೋಳಾಗಿತ್ತು. ಒಬ್ಬನ ಎಂಜಲು ಪರೀಕ್ಷಿಸಿ ಅವನ ನೆತ್ತಿಯ ಭವಿಷ್ಯ ಬರೆದುಕೊಡುತ್ತೇವೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಅದೂ ಬ್ರಿಟನ್ನಿನ ಬಿಳಿಯರ ಲೆಕ್ಕ ಇಟ್ಟುಕೊಂಡು ದೇವಬಾಗದ ಹುಡುಗನಿಗೆ.

ಹಾಗಾದರೆ ವೈದ್ಯರು ಏನು ನೋಡುತ್ತಾರೆ? ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ಕೂದಲಿನ ದಪ್ಪ. ಉದುರಲಿರುವ ಕೂದಲು ಒಮ್ಮೆಲೇ ಹೋಗುವುದಿಲ್ಲ, ಹುಟ್ಟು ಹುಟ್ಟಿಗೂ ಸಣಕಲಾಗುತ್ತ ಹೋಗುತ್ತದೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ಸಣಕಲಾಗಿದ್ದರೆ ಆ ಜಾಗ ಹೊರಡಲು ಸಿದ್ಧವಾಗಿದೆ ಎಂದರ್ಥ. ತಿರುಪತಿಗೆ ಮುಡಿ ಕೊಟ್ಟವರ, ಹಿರಿಯರು ತೀರಿಕೊಂಡಾಗ ತಲೆ ಬೋಳಿಸಿಕೊಂಡವರ ನೆತ್ತಿಯಲ್ಲಿ ನಾಲ್ಕು ದಿನದ ಚಿಗುರು ಬಂದಾಗ ಸರಿಯಾಗಿ ನೋಡಿ. ಕಪ್ಪು ದಟ್ಟ ಲಾಳದ ಆಕಾರ, ಅದರೊಳಗೆ ಮಾಸಲು ಜಾಗ. ಮಾಸಲು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮುಂದಿನ ದಾರಿ. ಹಿಂಭಾಗದಲ್ಲೇ ಸಣಕಲು ಕೂದಲು ಹೆಚ್ಚಿದ್ದರೆ ಕಸಿಯ ಮಾತೇ ಬೇಡ ಎನ್ನುತ್ತಾರೆ ಬಲ್ಲವರು. ಡೆಂಗಿಯೋ ಟೈಫಾಯಿಡೋ ಬಂದು ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಉದುರುವುದು ಬೇರೆ. ಅದು ತಾನೇ ಮರಳುತ್ತದೆ.

ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇರ್ ಟ್ರಾನ್ಸ್‌ಪ್ಲಾಂಟಿಗೆ ಮಾರ್ಗಸೂಚಿ ತಂದಿತು. ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ವೈದ್ಯರೇ ಮಾಡಬೇಕು, ಕಾರ್ಯಾಗಾರದಲ್ಲಿ ನಿಂತು ನೋಡಿದ್ದು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದಿತು. ಗೋವಾಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಹಣ ಕಟ್ಟಲು ಹೊರಡುವ ಮೊದಲು ಕಾರವಾರದಲ್ಲೇ ಒಬ್ಬ ಚರ್ಮವೈದ್ಯರನ್ನು ಕಂಡು ಬನ್ನಿ. ಹೋಗುವಾಗ ಹದಿನೆಂಟರ ವಯಸ್ಸಿನ ನಿಮ್ಮ ಫೋಟೊ, ಅಪ್ಪನ, ಸೋದರಮಾವನ ಮೂವತ್ತು ನಲವತ್ತರ ಫೋಟೊಗಳನ್ನು ಒಯ್ಯಿರಿ. ನಾನು ಏಳನೇ ಹಂತಕ್ಕೆ ಹೋದರೂ ಈ ಗೆರೆ ಒಪ್ಪುತ್ತದೆಯೇ, ಆಗ ನನ್ನ ಹಿಂಭಾಗದಲ್ಲಿ ಎಷ್ಟು ಗ್ರಾಫ್ಟ್ ಉಳಿದಿರುತ್ತದೆ ಎಂದು ಕೇಳಿ. ಇಪ್ಪತ್ತೈದು ದಾಟದವರಿಗೆ ಅನೇಕ ವೈದ್ಯರು ಕಾಯಲು ಹೇಳುತ್ತಾರೆ, ಅಷ್ಟರವರೆಗೆ ಔಷಧ ಕೊಟ್ಟು ನೋಡುತ್ತಾರೆ. ಒಂದು ವರ್ಷ ಕಳೆದು, ಅದೇ ಬೆಳಕಿನಲ್ಲಿ ಅದೇ ಕೋನದಿಂದ ಇನ್ನೊಂದು ಫೋಟೊ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆ ಕಸಿಯ ದಿನಾಂಕದ ಮಾತು ತೆಗೆಯಬಹುದು.